ದತ್ತು ಕುಟುಂಬಕ್ಕೂ ಸೀನಿಯರ್ಸ್ ಬೇಕು

ಚಿಕ್ಕವರಿದ್ದಾಗ ನಿಮಗೂ ಯಾರಾದ್ರೂ ಹೇಳಿರ್ತಾರೆ, "ನಿನ್ನನ್ನ ತೌಡು ಕೊಟ್ಟು ತಗೊಂಡಿದ್ದು" ಅಂತ. ಅಕ್ಕನೋ, ಅಣ್ಣನೋ, ಅತ್ತೆ ಮಗನೋ ರೇಗಿಸೋಕೆ ಹೇಳೋ ಮಾತು. ಅಳ್ತಾ ಅಮ್ಮನ ಹತ್ರ ಓಡಿದ್ರೆ ಅಮ್ಮ ನಕ್ಕು ಸಮಾಧಾನ ಮಾಡ್ತಾರೆ, ಅಲ್ಲಿಗೆ ಮುಗೀತು. ಈಗ ಅದೇ ಜೋಕ್ ಮೀಮ್ ಆಗಿ ಕ್ಲಾಸ್ ಗ್ರೂಪಿಗೆ ಬರುತ್ತೆ. ಫೋಟೋದಲ್ಲಿ ಒಬ್ಬ ಮನೆಯವರ ಹಾಗೆ ಕಾಣ್ತಿಲ್ಲ ಅಂದ್ರೆ ಸಾಕು, "ಇವನು ಅಡಾಪ್ಟೆಡ್" ಅಂತ ಬರೆದು ಮೇಲೆ ನಾಲ್ಕು ನಗೋ ಎಮೋಜಿ.

ನಾವು ನಾಲ್ಕು ಜನ ಫ್ರೆಂಡ್ಸ್. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಒಂದೊಂದು ಊರಿನವರು ಒಬ್ಬೊಬ್ಬರು. ಹೋದ ಸೆಮಿಸ್ಟರ್‌ನಲ್ಲಿ ಇಂಥದ್ದೇ ಒಂದು ಮೀಮ್ ಬಂದಾಗ ನಮ್ಮಲ್ಲಿ ಮೂವರು ನಕ್ಕೆವು. ಒಬ್ಬರು ನಗಲಿಲ್ಲ. ಸಂಜೆ ಬಸ್ ಸ್ಟಾಪಿನಲ್ಲಿ ಅವರೇ ಹೇಳಿದರು, "ನಾನೂ ದತ್ತು ಮಗು ಕಣ್ರೋ."

ಆ ಒಬ್ಬರು ಯಾರು ಅಂತ ಇಲ್ಲಿ ಬರೆಯಲ್ಲ. ಬರೆಯಬೇಡಿ ಅಂತ ಅವರೇ ಹೇಳಿದ್ದಾರೆ. ಈ ಲೇಖನದ ಪ್ರತಿ ಸಾಲನ್ನೂ ನಾಲ್ಕು ಜನ ಕೂತು ಓದಿ ಒಪ್ಪಿದ ಮೇಲೇ ಕಳಿಸಿದ್ದೀವಿ.

ಅವರಿಗೆ ವಿಷಯ ಗೊತ್ತಾಗಿದ್ದು ಸೆಕೆಂಡ್ ಪಿಯುಸಿಯಲ್ಲಿ, ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ದೂರದ ಸಂಬಂಧಿಕರೊಬ್ಬರು ಅವರ ಅಪ್ಪನಿಗೆ, "ಸಾಕಿದ ಮಗು ಆದ್ರೂ ಎಷ್ಟು ಚೆನ್ನಾಗಿ ಓದಿಸ್ತಿದ್ದೀರಪ್ಪ" ಅಂದರಂತೆ. ಅವರು ಹೊಗಳಿದ್ದು! ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಮನೆಗೆ ಬಂದು ನಮ್ಮ ಫ್ರೆಂಡ್ ಸಿಇಟಿಗೆ ಅಂತ ಮಾಡಿಟ್ಟಿದ್ದ ಫೈಲ್ ತೆಗೆದು ಬರ್ತ್ ಸರ್ಟಿಫಿಕೇಟ್ ನೋಡಿದರು. ಅದರಲ್ಲಿ ಇದೇ ಅಪ್ಪ, ಇದೇ ಅಮ್ಮನ ಹೆಸರು. ಒಂದು ವಾರ ಅಮ್ಮನ ಜೊತೆ ಮಾತಾಡಲಿಲ್ಲ. ಆಮೇಲೆ ಅಮ್ಮ ಹೇಳಿದ ಮಾತು ಇದು: "ಪ್ರತಿ ಹುಟ್ಟಿದ ಹಬ್ಬಕ್ಕೂ ಹೇಳಬೇಕು ಅಂದ್ಕೊಳ್ತಿದ್ದೆ. ಎಲ್ಲಿಂದ ಶುರು ಮಾಡಲಿ ಅಂತ ಕೇಳೋಕೆ ನನಗೆ ಯಾರೂ ಇರಲಿಲ್ಲ."

"ಕೇಳೋಕೆ ಯಾರೂ ಇರಲಿಲ್ಲ" ಅನ್ನೋ ಆ ಮಾತೇ ಈ ಲೇಖನಕ್ಕೆ ಕಾರಣ.

ಮೊದಲು, ದತ್ತು ಅಂದ್ರೆ ಏನು?

ನಮ್ಮ ಕಡೆ ಎರಡು ಬೇರೆ ವಿಷಯಗಳನ್ನ ಒಂದೇ ಮಾತಲ್ಲಿ ಹೇಳ್ತೀವಿ. ಕನ್ನಡದಲ್ಲಿ "ಸಾಕು ಮಗ", "ಸಾಕು ಮಗಳು". ಚಿಂತಾಮಣಿ, ಗೌರಿಬಿದನೂರು ಕಡೆ ತೆಲುಗು ಮಾತಾಡೋ ಮನೆಗಳಲ್ಲಿ "ಪೆಂಪುಡು ಕೊಡುಕು", "ಪೆಂಪುಡು ಕೂತುರು". ಎರಡರ ಅರ್ಥವೂ ಸಾಕಿದ್ದು ಅಂತ. ಕಾನೂನು ಹೇಳೋದು ಬೇರೆ. ದತ್ತು ಆದೇಶ ಆದ ದಿನದಿಂದ ಆ ಮಗು ಆ ಅಪ್ಪ ಅಮ್ಮನ ಮಗುವೇ. ಹೆಸರು, ಆಸ್ತಿ, ಹಕ್ಕು ಎಲ್ಲದರಲ್ಲೂ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೂ ಇದಕ್ಕೂ ವ್ಯತ್ಯಾಸ ಇಲ್ಲ. ಬರ್ತ್ ಸರ್ಟಿಫಿಕೇಟ್ ಕೂಡ ದತ್ತು ಪಡೆದವರ ಹೆಸರಲ್ಲೇ ಬರುತ್ತೆ. ನಮ್ಮ ಫ್ರೆಂಡ್ ಫೈಲಿನಲ್ಲಿ ಇದ್ದದ್ದು ಅದೇ. ಅದು ಸುಳ್ಳು ದಾಖಲೆ ಅಲ್ಲ, ಕಾನೂನು ಕೊಟ್ಟ ದಾಖಲೆ.

ದಾರಿ ಎರಡು ಇವೆ. ಒಂದು, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಅಣ್ಣನ ಮಗುವನ್ನ ತಮ್ಮ ದತ್ತು ತಗೊಳ್ಳೋದು, ಇಂಥವು ಸಾಮಾನ್ಯವಾಗಿ ಇದರಡಿ ಆಗುತ್ತೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದತ್ತು ಪತ್ರ ನೋಂದಣಿ ಮಾಡಿಸ್ತಾರೆ. ಎರಡನೆಯದು, 2015ರ ಬಾಲನ್ಯಾಯ ಕಾಯ್ದೆ. ಅನಾಥ ಮಗು, ಬಿಟ್ಟುಹೋದ ಮಗು, ಹೆತ್ತವರೇ ಸರ್ಕಾರಕ್ಕೆ ಒಪ್ಪಿಸಿದ ಮಗು, ಇವರಿಗೆಲ್ಲ ಈ ದಾರಿ. ಇದು ಎಲ್ಲ ಧರ್ಮದವರಿಗೂ ತೆರೆದಿದೆ. 2014ರಲ್ಲಿ ಶಬನಂ ಹಶ್ಮಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟ ಮಾಡಿತು. ಅಂದ್ರೆ ಶಿಡ್ಲಘಟ್ಟದ ಒಂದು ಮುಸ್ಲಿಂ ಕುಟುಂಬ, ಚಿಕ್ಕಬಳ್ಳಾಪುರದ ಒಂದು ಕ್ರಿಶ್ಚಿಯನ್ ಕುಟುಂಬ, ಯಾರು ಬೇಕಾದರೂ ಈ ದಾರಿಯಲ್ಲಿ ದತ್ತು ಪಡೆಯಬಹುದು.

ಸಿಇಟಿ ಕೌನ್ಸೆಲಿಂಗ್ ಥರ, ಆದ್ರೆ ಅಲ್ಲ

ಎರಡನೇ ದಾರಿಯನ್ನ ನೋಡಿಕೊಳ್ಳೋದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ. ಎಲ್ಲರೂ ಕಾರಾ ಅಂತ ಕರೀತಾರೆ. ಅದರ ಪೋರ್ಟಲ್ ಹೆಸರು ಕೇರಿಂಗ್ಸ್. ನಮಗೆ ಇದು ಅರ್ಥ ಆಗಿದ್ದು ಸಿಇಟಿ ನೆನಪಾದ ಮೇಲೆ.

ಮೊದಲು ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗಿ ದಾಖಲೆ ಅಪ್‌ಲೋಡ್ ಮಾಡಬೇಕು. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು, ಮನೆಯವರ ಜೊತೆ ಮಾತಾಡಿ, ಗೃಹ ಅಧ್ಯಯನ ವರದಿ ಬರೀತಾರೆ. ಅದು ಮೂರು ವರ್ಷ ಚಾಲ್ತಿಯಲ್ಲಿ ಇರುತ್ತೆ. ಆಮೇಲೆ ಸೀನಿಯಾರಿಟಿ ಪ್ರಕಾರ ಕಾಯೋದು. ಸರದಿ ಬಂದಾಗ ಮಗುವಿನ ಫೋಟೋ, ಅಧ್ಯಯನ ವರದಿ, ವೈದ್ಯಕೀಯ ವರದಿ ತೋರಿಸ್ತಾರೆ. 48 ಗಂಟೆಯೊಳಗೆ ಒಪ್ಪಿಗೆ ಹೇಳಿ ಮಗುವನ್ನ ಕಾಯ್ದಿರಿಸಬೇಕು. ನಂತರ ಮಗುವನ್ನ ಹೋಗಿ ನೋಡಿ, ದತ್ತುಪೂರ್ವ ಪಾಲನೆಯಲ್ಲಿ ಮನೆಗೆ ಕರ್ಕೊಂಡು ಬರೋದು, ಕೊನೆಗೆ ದತ್ತು ಆದೇಶ.

ಮೊದಲು ಈ ಆದೇಶ ಕೋರ್ಟಿನಿಂದ ಬರಬೇಕಿತ್ತು. 2021ರಲ್ಲಿ ಕಾಯ್ದೆ ತಿದ್ದುಪಡಿ ಆಗಿ, 2022ರ ಸೆಪ್ಟೆಂಬರ್ 1ರಿಂದ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ, ಅಂದ್ರೆ ನಮ್ಮ ಭಾಷೆಯಲ್ಲಿ ಡಿಸಿಗೆ ಬಂತು. ಅದೇ ತಿಂಗಳು ಹೊಸ ದತ್ತು ನಿಯಮಾವಳಿಯೂ ಬಂತು.

ಯಾರು ಅರ್ಜಿ ಹಾಕಬಹುದು? ದಂಪತಿ ಆದ್ರೆ ಕನಿಷ್ಠ ಎರಡು ವರ್ಷ ಸ್ಥಿರವಾದ ದಾಂಪತ್ಯ ಇರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಮದುವೆ ಆಗದವರೂ ಹಾಕಬಹುದು. ಆದ್ರೆ ಒಂಟಿ ಗಂಡಸು ಹೆಣ್ಣು ಮಗುವನ್ನ ದತ್ತು ಪಡೆಯೋ ಹಾಗಿಲ್ಲ. ಮಗುವಿಗೂ ಅಪ್ಪ ಅಮ್ಮನಿಗೂ ಕನಿಷ್ಠ 25 ವರ್ಷದ ಅಂತರ ಇರಬೇಕು. ಎರಡು ವರ್ಷದೊಳಗಿನ ಮಗು ಬೇಕು ಅಂದ್ರೆ ಗಂಡ ಹೆಂಡತಿ ಇಬ್ಬರ ವಯಸ್ಸು ಸೇರಿ 85 ದಾಟಬಾರದು.

ಸಿಇಟಿಗೂ ಇದಕ್ಕೂ ಹೋಲಿಕೆ ಇಲ್ಲಿಗೆ ನಿಲ್ಲುತ್ತೆ. ನಮಗೆ ಸೀಟು ಹುಡುಕ್ತಾರೆ. ಅಲ್ಲಿ ಮಗುವಿಗೆ ಮನೆ ಹುಡುಕ್ತಾರೆ. ಚಿಕ್ಕ, ಆರೋಗ್ಯವಂತ ಮಗುವೇ ಬೇಕು ಅಂತ ಕಾಯೋರು ಮೂರು ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತೆ. ನಮ್ಮ ಆಪ್ಶನ್ ಎಂಟ್ರಿಯ ಎರಡು ತಿಂಗಳ ಟೆನ್ಶನ್ನೇ ನಮಗೆ ಜಾಸ್ತಿ ಆಗಿತ್ತು. ಮೂರು ವರ್ಷ ಪ್ರತಿ ವಾರ ಪೋರ್ಟಲ್ ತೆಗೆದು ನಂಬರ್ ನೋಡೋರ ಸ್ಥಿತಿ ಯೋಚಿಸಿ.

ಅಡ್ಡ ದಾರಿ ಯಾಕೆ ಬೇಡ

ಕಾಯೋದು ಜಾಸ್ತಿ ಆದಾಗ ಊರಲ್ಲಿ ಯಾರಾದ್ರೂ ಬಂದು, "ನಮಗೆ ಗೊತ್ತಿರೋ ಒಂದು ಆಸ್ಪತ್ರೆ ಇದೆ, ಮಾತಾಡಿ ಕೊಡಿಸ್ತೀವಿ" ಅಂತಾರೆ. ಅದು ದತ್ತು ಅಲ್ಲ, ಅಪರಾಧ. ವಿಧಾನ ಮೀರಿ ಮಗುವನ್ನ ಕೊಟ್ಟರೆ ಅಥವಾ ಪಡೆದರೆ ಬಾಲನ್ಯಾಯ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ದುಡ್ಡು ಕೊಟ್ಟು ಕೊಂಡರೆ, ಮಾರಿದರೆ 81ನೇ ಸೆಕ್ಷನ್, ಐದು ವರ್ಷದವರೆಗೆ ಕಠಿಣ ಶಿಕ್ಷೆ.

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ ನೆನಪಿದೆಯಾ? "ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ, ಎರಡು ದಿನದ ಮಗು, ಬೇಕಾದವರು ಈ ನಂಬರಿಗೆ ಫೋನ್ ಮಾಡಿ" ಅನ್ನೋ ಥರದ ಮೆಸೇಜ್‌ಗಳು ದೇಶದ ತುಂಬ ಓಡಾಡಿದವು. ಒಳ್ಳೆ ಮನಸ್ಸಿನಿಂದಲೇ ಜನ ಫಾರ್ವರ್ಡ್ ಮಾಡಿದರು. ಆಗ ಸರ್ಕಾರವೇ ಮುಂದೆ ಬಂದು ಇಂಥದ್ದನ್ನ ಹಂಚಬೇಡಿ ಅಂತ ಎಚ್ಚರಿಕೆ ಕೊಡಬೇಕಾಯ್ತು. ಅಂಥ ಮಗು ಕಂಡರೆ ಮಾಡಬೇಕಾದ್ದು ಒಂದೇ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್. ಅಲ್ಲಿಂದ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುತ್ತೆ. ಹೆತ್ತವರು ತಾವೇ ಒಪ್ಪಿಸಿದ ಮಗು ಆದ್ರೆ, ಮನಸ್ಸು ಬದಲಾಯಿಸೋಕೆ ಅವರಿಗೆ 60 ದಿನ ಸಮಯ ಇರುತ್ತೆ. ನಮಗೆ ಈ 60 ದಿನ ಬಹಳ ಮುಖ್ಯ ಅನ್ನಿಸಿತು. ಕಷ್ಟದಲ್ಲಿರೋ ಒಬ್ಬ ತಾಯಿಗೆ ಯಾರೂ ಅವಸರ ಮಾಡಬಾರದು ಅಂತ ಕಾನೂನು ಹೇಳ್ತಿದೆ.

ಫೈಲ್ ಮುಗಿದ ಮೇಲೆ ಶುರುವಾಗೋ ಪ್ರಶ್ನೆಗಳು

ದತ್ತು ಆದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೀತಾರೆ. ಅಂದ್ರೆ ನಾಲ್ಕು ವರದಿ. ಬೇಕಾದವರಿಗೆ ಕೌನ್ಸೆಲಿಂಗ್ ಕೊಡಬೇಕು ಅಂತಲೂ ನಿಯಮದಲ್ಲಿದೆ. ಅದು ಒಳ್ಳೇದೇ. ಆದ್ರೆ ಪ್ರಶ್ನೆಗಳು ಆರು ತಿಂಗಳಿಗೊಮ್ಮೆ ಬರಲ್ಲ, ಮಂಗಳವಾರ ರಾತ್ರಿ ಹತ್ತು ಗಂಟೆಗೆ ಬರುತ್ತವೆ.

ಮಗುವಿಗೆ ಯಾವಾಗ ಹೇಳಬೇಕು, ಯಾವ ಪದದಲ್ಲಿ ಹೇಳಬೇಕು? "ಮನೆಯಲ್ಲಿ ಯಾರಿಗಾದ್ರೂ ಶುಗರ್, ಆಸ್ತಮಾ ಇದೆಯಾ" ಅಂತ ಡಾಕ್ಟರ್ ಕೇಳಿದರೆ ಮಗುವಿನ ಎದುರಿಗೆ ಏನು ಉತ್ತರ ಕೊಡೋದು? ಸ್ಕೂಲಿನಲ್ಲಿ "ನೀನು ಹುಟ್ಟಿದ ದಿನದ ಫೋಟೋ ತಗೊಂಡು ಬಾ" ಅಂದ್ರೆ? ಅಜ್ಜಿ ಮೊಮ್ಮಗುವನ್ನ ಎತ್ತಿಕೊಳ್ಳೋಕೆ ಹಿಂಜರಿದ್ರೆ? ಐದು ವರ್ಷದ ಮಗು ಬಂದು ಒಂದು ತಿಂಗಳಾಗಿದೆ, ದಿನಾ ರಾತ್ರಿ ದಿಂಬಿನ ಕೆಳಗೆ ಚಪಾತಿ ಬಚ್ಚಿಡುತ್ತೆ, ಬೈಯೋದಾ ಬಿಡೋದಾ?

ಕೊನೆಯ ಪ್ರಶ್ನೆಗೆ ಉತ್ತರ ಕೇಳಿ ನಮಗೆ ಗಂಟಲು ಕಟ್ಟಿತು. ಮಕ್ಕಳ ಜೊತೆ ಕೆಲಸ ಮಾಡೋರು ಹೇಳೋದು ಇಷ್ಟು: ಅದು ಕಳ್ಳತನ ಅಲ್ಲ. ನಾಳೆ ಊಟ ಸಿಗುತ್ತೆ ಅಂತ ಆ ಮಗುವಿಗೆ ಇನ್ನೂ ನಂಬಿಕೆ ಬಂದಿಲ್ಲ. ಬೈಯಬೇಡಿ, ಕೈಗೆ ಸಿಗೋ ಕಡೆ ಒಂದು ಡಬ್ಬಿಯಲ್ಲಿ ಬಿಸ್ಕೆಟ್ ಇಡಿ, ಯಾವಾಗಲೂ ಖಾಲಿ ಆಗದ ಹಾಗೆ ನೋಡಿಕೊಳ್ಳಿ. ನಂಬಿಕೆ ಬಂದ ಮೇಲೆ ಬಚ್ಚಿಡೋದು ತಾನೇ ಕಡಿಮೆ ಆಗುತ್ತೆ.

ಇಂಥ ಉತ್ತರ ಅರ್ಜಿ ಫಾರಂನಲ್ಲಿ ಇರಲ್ಲ. ನಾವು ಕಾಲೇಜಿಗೆ ಸೇರಿದಾಗಲೂ ಹಾಗೇ ಅಲ್ವಾ? ಪ್ರಾಸ್ಪೆಕ್ಟಸ್‌ನಲ್ಲಿ ಎಲ್ಲ ಇತ್ತು, ಯಾವ ಲ್ಯಾಬಿಗೆ ರೆಕಾರ್ಡ್ ಮೊದಲೇ ಬರೆದಿಡಬೇಕು ಅನ್ನೋದು ಮಾತ್ರ ಇರಲಿಲ್ಲ. ಅದನ್ನ ಹೇಳಿದ್ದು ಸೀನಿಯರ್ಸ್. ದತ್ತು ಕುಟುಂಬಕ್ಕೂ ಸೀನಿಯರ್ಸ್ ಬೇಕು. ಎರಡು ವರ್ಷ ಮುಂಚೆ ಅದೇ ಚಪಾತಿಯನ್ನ ದಿಂಬಿನ ಕೆಳಗೆ ಕಂಡು ಗಾಬರಿಯಾಗಿದ್ದ ಇನ್ನೊಬ್ಬ ಅಮ್ಮ ಫೋನಿನಲ್ಲಿ "ನಮ್ಮನೇಲೂ ಹಾಗೇ ಆಗಿತ್ತು" ಅಂದ್ರೆ, ಅರ್ಧ ಭಾರ ಅಲ್ಲೇ ಇಳಿಯುತ್ತೆ. ಅಧಿಕಾರಿಗೆ ಕಾನೂನು ಗೊತ್ತಿರುತ್ತೆ, ಡಾಕ್ಟರಿಗೆ ಔಷಧಿ ಗೊತ್ತಿರುತ್ತೆ. "ನಮ್ಮನೇಲೂ" ಅನ್ನೋಕೆ ಆಗೋದು ಅದೇ ದಾರಿಯಲ್ಲಿ ನಡೆದವರಿಗೆ ಮಾತ್ರ. ಇನ್ನೊಂದು ಲಾಭ ಮಕ್ಕಳಿಗೆ. ತನ್ನ ಹಾಗೇ ಮನೆಗೆ ಬಂದ ಇನ್ನೊಂದು ಮಗುವಿನ ಜೊತೆ ಆಡಿದ ಮಗುವಿಗೆ ತಾನೊಬ್ಬನೇ ಹೀಗೆ ಅನ್ನಿಸಲ್ಲ. ನಮ್ಮ ಫ್ರೆಂಡ್ ಹದಿನೇಳು ವರ್ಷದವರೆಗೂ ಇನ್ನೊಬ್ಬ ದತ್ತು ಮಗುವನ್ನ ನೋಡಿರಲಿಲ್ಲ. ನೋಡಿದ್ದರೂ ಗೊತ್ತಿರಲಿಲ್ಲ.

ನಮ್ಮ ನಾಲ್ಕು ಊರಿನ ಕಷ್ಟ

ಬೆಂಗಳೂರಿನಲ್ಲಿ ಸುದತ್ತ ಅನ್ನೋ ದತ್ತು ಕುಟುಂಬಗಳ ಸಂಘದ ಹೆಸರು ಈ ವಿಷಯ ಗೊತ್ತಿರೋರಿಗೆ ಪರಿಚಯ. ದೊಡ್ಡ ಊರಲ್ಲಿ ನೂರು ಕುಟುಂಬ ಸೇರಿದ್ರೂ ಪಕ್ಕದ ಮನೆಯವರಿಗೆ ಗೊತ್ತಾಗಲ್ಲ. ಚಿಕ್ಕ ಊರಿನ ಲೆಕ್ಕ ಬೇರೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ರೀಲರ್ ಮನೆಗಳಿಗೆಲ್ಲ ಮುಟ್ಟಿರುತ್ತೆ. ಇಲ್ಲಿ ಒಂದು ಹಾಲ್‌ನಲ್ಲಿ "ದತ್ತು ಕುಟುಂಬಗಳ ಸಭೆ" ಅಂತ ಬೋರ್ಡ್ ಹಾಕಿದ್ರೆ ಯಾರೂ ಒಳಗೆ ಬರಲ್ಲ, ಎದುರಿನ ಟೀ ಅಂಗಡಿಯಲ್ಲಿ ಜನ ಸೇರ್ತಾರೆ ಅಷ್ಟೇ.

ಅದಕ್ಕೇ ಫೋನ್ ಇಲ್ಲಿ ಕೆಲಸಕ್ಕೆ ಬರುತ್ತೆ. ಗೌರಿಬಿದನೂರಿನ ಅಮ್ಮ, ಚಿಂತಾಮಣಿಯ ಅಮ್ಮ ಒಬ್ಬರ ಮುಖ ಒಬ್ಬರು ನೋಡದೆಯೇ ಮಾತಾಡಬಹುದು. ಆದ್ರೆ ನಾವು ಕೇಳಿ ತಿಳಿದ ಮಟ್ಟಿಗೆ ಇಂಥ ಆನ್‌ಲೈನ್ ಗುಂಪುಗಳ ಮಾತು ಹೆಚ್ಚಾಗಿ ಇಂಗ್ಲಿಷ್, ಹಿಂದಿ. ನಾವೇನೋ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಮಾತಾಡೋ ನಮ್ಮ ಅಮ್ಮಂದಿರು "ಮಗು ರಾತ್ರಿ ಬೆಚ್ಚಿಬೀಳುತ್ತೆ" ಅನ್ನೋದನ್ನ ಇಂಗ್ಲಿಷಿನಲ್ಲಿ ಟೈಪ್ ಮಾಡಲ್ಲ. ಸುಮ್ಮನಾಗಿಬಿಡ್ತಾರೆ. ಕನ್ನಡದಲ್ಲಿ, ಬೇಕಾದ್ರೆ ತೆಲುಗು ಬೆರೆಸಿ, ವಾಯ್ಸ್ ಮೆಸೇಜಿನಲ್ಲಿ ಮಾತಾಡೋ ಹತ್ತೇ ಕುಟುಂಬದ ಒಂದು ಗುಂಪು ಇದ್ದರೂ ಸಾಕು.

ಗುಂಪು ಅಂದ ಮೇಲೆ ನಿಯಮ ಬೇಕು. ನಾವು ಕ್ಲಾಸ್ ಗ್ರೂಪಿನ ಗಲಾಟೆ ನೋಡಿ ಕಲಿತಿದ್ದೀವಲ್ಲ.

ಒಂದು, ಮಕ್ಕಳ ಫೋಟೋ, ಪೂರ್ತಿ ಹೆಸರು, ಸ್ಕೂಲಿನ ಹೆಸರು ಹಾಕಬಾರದು. ರಕ್ಷಣೆಯಲ್ಲಿರೋ ಮಗುವಿನ ಗುರುತು ಬಯಲು ಮಾಡೋದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು.

ಎರಡು, ಮಗು ಹುಡುಕೋಕೆ, ಕೊಡಿಸೋಕೆ ಗುಂಪನ್ನ ಬಳಸಬಾರದು. ಯಾರಾದ್ರೂ "ನನಗೆ ಗೊತ್ತಿರೋರು ಇದ್ದಾರೆ" ಅಂದ ತಕ್ಷಣ ಹೊರಗೆ.

ಮೂರು, ಮಗುವಿನ ಹಿಂದಿನ ಕಥೆ ಮಗುವಿನದು. ಹೇಗೆ ಸಿಕ್ಕಿತು, ಎಲ್ಲಿ ಸಿಕ್ಕಿತು ಅನ್ನೋದನ್ನ ಹೇಳೋ ಹಕ್ಕು ಮುಂದೆ ಆ ಮಗುವಿಗೇ ಇರಲಿ. ಹದಿನೆಂಟಾದ ಮೇಲೆ ತನ್ನ ಮೂಲದ ಬಗ್ಗೆ ಮಾಹಿತಿ ಕೇಳಿ ತಾನೇ ಅರ್ಜಿ ಹಾಕೋ ಅವಕಾಶವನ್ನ ನಿಯಮಾವಳಿ ಕೊಟ್ಟಿದೆ.

ನಾಲ್ಕು, ಔಷಧಿ ಡಾಕ್ಟರ್ ಹೇಳಲಿ, ಕಾನೂನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಹೇಳಲಿ. ಗುಂಪಿನವರು ಅನುಭವ ಮಾತ್ರ ಹೇಳಲಿ.

ನಾವೇನು ಮಾಡಬಹುದು?

ನಮಗೆ ಹತ್ತೊಂಬತ್ತು ವರ್ಷ. ನಾವು ದತ್ತು ಪಡೆಯೋ ವಯಸ್ಸಿನವರಲ್ಲ. ಆದ್ರೆ ಮಾತು ನಮ್ಮ ಕೈಯಲ್ಲೇ ಇದೆ.

"ನಿನ್ನ ನಿಜವಾದ ಅಪ್ಪ ಅಮ್ಮ ಯಾರು" ಅಂತ ಕೇಳಬೇಡಿ. ಜ್ವರ ಬಂದಾಗ ರಾತ್ರಿಯೆಲ್ಲ ಎದ್ದು ಕೂತವರು ಸುಳ್ಳು ಅಪ್ಪ ಅಮ್ಮ ಅಲ್ಲ. ಹೇಳಲೇಬೇಕಾದ್ರೆ "ಹೆತ್ತವರು" ಅನ್ನಿ. "ಪಾಪ, ಪುಣ್ಯ ಮಾಡಿದ್ದಾರೆ" ಅಂತ ಅಪ್ಪ ಅಮ್ಮನನ್ನ ಹೊಗಳಬೇಡಿ, ಆ ಹೊಗಳಿಕೆ ಮಗುವಿನ ತಲೆ ಮೇಲೆ ಸಾಲದ ಹಾಗೆ ಕೂರುತ್ತೆ. ಗೃಹಪ್ರವೇಶದ ಆ ಹೊಗಳಿಕೆ ನೆನಪಿಡಿ.

ದತ್ತು ನಮ್ಮ ನಾಡಿಗೆ ಹೊಸದೂ ಅಲ್ಲ, ಕಡಿಮೆಯದೂ ಅಲ್ಲ. ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತೀವಿ. 1912ರಲ್ಲಿ ಅವರನ್ನ ಮೈಸೂರಿನ ದಿವಾನರನ್ನಾಗಿ ಮಾಡಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ್. ನಾಲ್ವಡಿಯವರ ತಂದೆ ಚಾಮರಾಜೇಂದ್ರ ಒಡೆಯರ್, 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ದತ್ತು ಪಡೆದ ಮಗು. ನಮ್ಮ ಇಂಜಿನಿಯರ್ಸ್ ಡೇ ಕಥೆಯ ಒಳಗೂ ಒಂದು ದತ್ತು ಇದೆ.

ಮನೆಯಲ್ಲಿ ಯಾರಾದ್ರೂ ದತ್ತು ಬಗ್ಗೆ ಯೋಚಿಸ್ತಿದ್ರೆ, ಪೋರ್ಟಲ್ ತುಂಬೋಕೆ ಕೂತು ಸಹಾಯ ಮಾಡಿ. ನಮ್ಮ ಸಿಇಟಿ ಅನುಭವ ಅಷ್ಟಕ್ಕಾದ್ರೂ ಉಪಯೋಗ ಆಗಲಿ. ಚಿಕ್ಕ ಮಗುವಿಗೆ ದತ್ತು ವಿಷಯ ಹೇಳಿಲ್ಲದ ಮನೆ ನಿಮಗೆ ಗೊತ್ತಿದ್ರೆ, ನೀವು ಹೇಳಬೇಡಿ. ಅದು ಅಪ್ಪ ಅಮ್ಮ ಹೇಳಬೇಕಾದ ಮಾತು. ಮಗು ಚಿಕ್ಕದಿದ್ದಾಗಲೇ, ಮಲಗುವಾಗ ಹೇಳೋ ಕಥೆ ಥರ, ಸ್ವಲ್ಪ ಸ್ವಲ್ಪ ಹೇಳ್ತಾ ಹೋದ್ರೆ ಅದೊಂದು ಆಘಾತ ಆಗಲ್ಲ ಅಂತ ಅನುಭವ ಇರೋರೆಲ್ಲ ಹೇಳ್ತಾರೆ.

ನಮ್ಮ ಫ್ರೆಂಡ್ ಮನೆಯ ವಿಷಯ ಹೇಳಿ ಮುಗಿಸ್ತೀವಿ. ಅವರ ಅಮ್ಮನಿಗೆ ಪರಿಚಯದವರ ಮೂಲಕ ಪಕ್ಕದ ತಾಲ್ಲೂಕಿನ ಇನ್ನೊಬ್ಬ ದತ್ತು ತಾಯಿಯ ಪರಿಚಯ ಆಗಿದೆ. ಆ ಮನೆಯ ಹುಡುಗಿಗೆ ಈಗ ನಾಲ್ಕು ವರ್ಷ. ಮೊನ್ನೆ ರಾತ್ರಿ ಫೋನಿನಲ್ಲಿ ಆ ತಾಯಿ, "ಅಕ್ಕ, ಇವಳಿಗೆ ಹೇಗೆ ಹೇಳಲಿ" ಅಂತ ಕೇಳಿದರಂತೆ. ನಮ್ಮ ಫ್ರೆಂಡ್ ಪಕ್ಕದಲ್ಲೇ ಕೂತಿದ್ದರು. ಅಮ್ಮ ಒಂದು ನಿಮಿಷ ಸುಮ್ಮನಿದ್ದು, ಫೋನನ್ನ ಸ್ಪೀಕರಿಗೆ ಹಾಕಿ, "ನನಗಿಂತ ನನ್ನ ಮಗು ಚೆನ್ನಾಗಿ ಹೇಳುತ್ತೆ, ಕೇಳಿ" ಅಂದರಂತೆ.

ಆ ದಿನ ಮಾತು ಮುಗಿದಾಗ ರಾತ್ರಿ ಹನ್ನೊಂದೂವರೆ. ಮಾರನೇ ದಿನ ಇಂಟರ್ನಲ್ಸ್ ಇತ್ತು. ನಮ್ಮ ಫ್ರೆಂಡ್ ಏನೂ ಓದಿರಲಿಲ್ಲ. ನಾವು ಬಸ್ಸಿನಲ್ಲೇ ಎರಡು ಮಾಡ್ಯೂಲ್ ಹೇಳಿಕೊಟ್ಟೆವು.